ಮಕ್ಕಳು ಹಾಲೆಂಡಿನಲ್ಲಿ ಸಾಲುಮನೆ ಕೊಳ್ಳುವಾಗ ಬೆಳಗಾವಿಯ ನಾವು ಏನು ನೋಡಬೇಕು

ಬೆಳಗಾವಿಯಲ್ಲಿ ಮನೆ ಕೊಳ್ಳುವವರು ಮೊದಲು ಕೇಳುವುದು ಕಾಗದಪತ್ರ. ಸಿಟಿ ಸರ್ವೆ ಉತಾರ, ಇ-ಖಾತಾ, ಹಿಂದಿನ ಖರೀದಿ ಪತ್ರಗಳು, ಋಣಭಾರ ಪ್ರಮಾಣಪತ್ರ, ಅಣ್ಣತಮ್ಮಂದಿರ ವಾಟ್ನಿ ಆಗಿದೆಯೋ ಇಲ್ಲವೋ, ಹೆಣ್ಣುಮಕ್ಕಳ ಸಹಿ ಬಿದ್ದಿದೆಯೋ ಇಲ್ಲವೋ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದ ನನಗೂ ಇದೇ ರೂಢಿ. ಗೋಡೆ ಬಿರುಕು ಬಿಟ್ಟಿದ್ದರೆ ಗಿಲಾವು ಮಾಡಿಸಬಹುದು, ಹಕ್ಕಿನಲ್ಲಿ ಬಿರುಕಿದ್ದರೆ ಕೋರ್ಟಿಗೆ ಅಲೆಯಬೇಕು ಎಂದು ಸಾಲ ಕೇಳಲು ಬಂದವರಿಗೆಲ್ಲ ಹೇಳುತ್ತಿದ್ದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಅಲ್ಲಿ ಹಕ್ಕಿನ ತಪಾಸಣೆಯನ್ನು ನೋಟರಿ ಮಾಡುತ್ತಾರೆ, ಅದರ ಹೊಣೆಯೂ ಅವರದೇ. ಕೊಳ್ಳುವವರು ಕಣ್ಣಿಡಬೇಕಾದದ್ದು ಎರಡರ ಮೇಲೆ: ಮನೆಯ ನೆಲದಡಿ ಏನಿದೆ, ಮತ್ತು ಕರಾರಿನಲ್ಲಿ ಹಿಂದೆ ಸರಿಯಲು ದಾರಿ ಇದೆಯೋ ಇಲ್ಲವೋ. ಮಗಳು-ಅಳಿಯ ಐಂಡ್‌ಹೋವನ್ ಪಕ್ಕದ ಗೆಲ್ಡ್ರಾಪ್ ಎಂಬ ಸಣ್ಣ ಊರಿನಲ್ಲಿ ಮನೆ ಹುಡುಕಿ, ಬೆಲೆ ಹೇಳಿ, ಕೀಲಿ ಪಡೆಯುವವರೆಗೂ ನಾನು ಟಿಳಕವಾಡಿಯಲ್ಲಿ ಕೂತೇ ಅವರ ಜೊತೆ ಒಂದೊಂದು ಕಾಗದವನ್ನೂ ಓದಿದ್ದೇನೆ. ಗೆಲ್ಡ್ರಾಪ್ ಹಿಂದೆ ನೇಯ್ಗೆಯ ಗಿರಣಿಗಳ ಊರು, ಈಗಲೂ ಅಲ್ಲೊಂದು ನೇಯ್ಗೆಯ ಮ್ಯೂಸಿಯಂ ಇದೆ. ವಡಗಾವಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವಳು ನಾನು, ಆ ಊರಿನ ಮೇಲೆ ಬೇಗನೆ ಅಕ್ಕರೆ ಹುಟ್ಟಿತು. ನಮ್ಮ ಕಡೆಯಿಂದ ಆ ಭಾಗಕ್ಕೆ ಕೆಲಸಕ್ಕೆ ಹೋದ ಮಕ್ಕಳು ಮನೆ ಕೊಳ್ಳುತ್ತೇವೆ ಎಂದಾಗ ಇಲ್ಲಿರುವ ತಂದೆತಾಯಿ ಏನು ಕೇಳಬೇಕು, ಏನು ಕೇಳಬಾರದು ಎನ್ನುವುದನ್ನು ಬರೆಯುತ್ತಿದ್ದೇನೆ.

ಮನೆ ನೋಡುವುದು

ಅಲ್ಲಿನ ಸಾಲುಮನೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಕೆಳಗೆ ಬೀದಿಯಿಂದ ಹಿತ್ತಲಿನವರೆಗೆ ಉದ್ದಕ್ಕೆ ಪಡಸಾಲೆ, ಅಡುಗೆಮನೆ, ಬಾಗಿಲ ಹತ್ತಿರ ಸಣ್ಣ ಶೌಚಾಲಯ. ಕಡಿದಾದ ಪಾವಟಿಗೆ ಹತ್ತಿದರೆ ಮೇಲೆ ಎರಡೋ ಮೂರೋ ಮಲಗುವ ಕೋಣೆ, ಬಚ್ಚಲು. ಅದರ ಮೇಲೆ ಇಳಿಜಾರು ಹಂಚಿನಡಿ ಅಟ್ಟ. ಹಿತ್ತಲ ತುದಿಗೆ ಸೈಕಲ್ ಇಡುವ ಶೆಡ್ಡು, ಅದರಾಚೆ ಎಲ್ಲ ಮನೆಗಳಿಗೂ ಸೇರಿದ ಓಣಿ. ಅಕ್ಕಪಕ್ಕ ಎರಡೂ ಕಡೆ ಮನೆ ಇದ್ದರೆ ಟಸ್ಸನ್‌ವೋನಿಂಗ್, ಸಾಲಿನ ಕೊನೆಯದಾದರೆ ಹುಕ್‌ವೋನಿಂಗ್. ಫುಂಡಾ ಎಂಬ ತಾಣದ ಜಾಹೀರಾತಿನಲ್ಲಿ ಈ ಪದಗಳೇ ಇರುತ್ತವೆ. ಕೊನೆಯ ಮನೆಗೆ ಬೆಳಕು ಹೆಚ್ಚು, ಬೆಲೆಯೂ ಹೆಚ್ಚು, ಒಂದು ಗೋಡೆ ಪೂರ್ತಿ ಚಳಿಗಾಳಿಗೆ ತೆರೆದಿರುವುದರಿಂದ ಬಿಸಿ ಮಾಡುವ ಖರ್ಚೂ ಹೆಚ್ಚು. ಮೊದಲ ಮನೆಯಾಗಿ ಕೊಳ್ಳುವವರಿಗೆ ನಡುವಿನದೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಜಾಹೀರಾತಿನಲ್ಲಿ ಫೋಟೋಗಿಂತ ಮೊದಲು ಎರಡು ವಿಷಯ ಓದಿ: ಕಟ್ಟಿದ ವರ್ಷ ಮತ್ತು ಎನರ್ಜಿ ಲೇಬಲ್, ಅಂದರೆ ಮನೆ ಎಷ್ಟು ಇಂಧನ ಉಳಿಸುತ್ತದೆ ಎಂಬ ದರ್ಜೆ. ಮಾರುವ ಮನೆಗೆ ಈ ಲೇಬಲ್ ಕಡ್ಡಾಯ, ಕೊನೆಯ ದರ್ಜೆ ಜಿ. 2024ರಿಂದ ಎಷ್ಟು ಸಾಲ ಸಿಗುತ್ತದೆ ಎನ್ನುವುದಕ್ಕೂ ಲೇಬಲ್ಲಿಗೂ ಸಂಬಂಧವಿದೆ. ಒಳ್ಳೆಯ ದರ್ಜೆಗೆ ಸ್ವಲ್ಪ ಹೆಚ್ಚು ಸಾಲ. ಜಿ ದರ್ಜೆಯ ಮನೆ ಕಡಿಮೆ ಬೆಲೆಗೆ ಸಿಕ್ಕಿತು ಎಂದು ಹಿಗ್ಗುವ ಮೊದಲು ಗೋಡೆಯ ನಡುವಿನ ಪೊಳ್ಳಿಗೆ, ಹಂಚಿನಡಿಗೆ, ಕಿಟಕಿ ಗಾಜಿಗೆ ಎಷ್ಟು ಸುರಿಯಬೇಕು ಎಂದು ಲೆಕ್ಕ ಹಾಕಿ.

ಇಲ್ಲಿಂದ ನಾವು ಫೋನಿನಲ್ಲಿ ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಎಂದು. ಸಾಲುಮನೆಯಲ್ಲಿ ಅದನ್ನು ಬದಲಿಸಲು ಬರುವುದಿಲ್ಲ, ಮಕ್ಕಳನ್ನು ಅದಕ್ಕಾಗಿ ಕಾಡಬೇಡಿ. ಕೇಳಬೇಕಾದದ್ದು ಹಿತ್ತಲು ಯಾವ ದಿಕ್ಕಿಗೆ ಎಂದು. ಬಿಸಿಲೇ ಅಪರೂಪವಾದ ದೇಶದಲ್ಲಿ ದಕ್ಷಿಣಕ್ಕೆ ತೆರೆದ ಹಿತ್ತಲಿದ್ದರೆ ಮನೆಯೊಳಗೂ ಬೆಳಕು, ಮುಂದೆ ಮಾರುವಾಗಲೂ ಒಳ್ಳೆಯ ಬೆಲೆ.

ಇನ್ನೊಂದು ವಿಷಯ, ನಮ್ಮವರಿಗೇ ಬೇಕಾದದ್ದು. ಹಳೆಯ ಸಾಲುಮನೆಗಳಲ್ಲಿ ಪಕ್ಕದ ಮನೆಗೂ ನಮಗೂ ಇರುವುದು ಒಂದೇ ಗೋಡೆ. ಮಗಳು ಜೋಳದ ರೊಟ್ಟಿ ಕೈಯಲ್ಲೇ ಬಡಿಯುವವಳು. ಅಡುಗೆ ಕಟ್ಟೆ ಆ ಗೋಡೆಗೇ ತಾಗಿದ್ದರೆ ಇಲ್ಲಿ ಬಡಿದ ಒಂದೊಂದು ರೊಟ್ಟಿಯೂ ಪಕ್ಕದವರ ಪಡಸಾಲೆಯಲ್ಲಿ ಕೇಳಿಸುತ್ತದೆ. ಹಾಗಾಗಿ ಮನೆ ನೋಡಲು ಹೋದಾಗ ಅಡುಗೆ ಕಟ್ಟೆಯ ಮೇಲೆ ಅಂಗೈಯಿಂದ ಬಡಿದು, ಗೋಡೆಗೆ ಕೈ ಇಟ್ಟು ನೋಡು ಎಂದು ಹೇಳಿದ್ದೆ. ಅದುರಿದರೆ ಕಟ್ಟೆಯನ್ನು ಒಳಗಿನ ಗೋಡೆಗೆ ಸರಿಸುವ ಖರ್ಚನ್ನು ಬೆಲೆ ಹೇಳುವಾಗಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಾಧ್ಯವಾದರೆ ಸಂಜೆ, ಅಕ್ಕಪಕ್ಕದವರೂ ಮನೆಯಲ್ಲಿರುವ ಹೊತ್ತಿಗೆ ಇನ್ನೊಮ್ಮೆ ಹೋಗಿ ಬರಬೇಕು.

ನೆಲದಡಿ

ಅಲ್ಲಿನ ಬಹಳಷ್ಟು ಮನೆಗಳಲ್ಲಿ ಮುಂಬಾಗಿಲು ದಾಟಿದ ಕೂಡಲೇ ಕಾಲೊರಸಿನ ಕೆಳಗೆ ಒಂದು ಮುಚ್ಚಳ ಇರುತ್ತದೆ. ಅದನ್ನು ಎತ್ತಿದರೆ ತೆವಳಿಕೊಂಡು ಹೋಗುವಷ್ಟೇ ಎತ್ತರದ ಜಾಗ. ನೀರಿನ ಪೈಪು, ಗಟಾರದ ಪೈಪು ಅಲ್ಲೇ ಹಾಯ್ದಿರುತ್ತವೆ. ಕ್ರೌಪ್‌ರೌಮ್ಟೆ ಅನ್ನುತ್ತಾರೆ. ಮನೆ ನೋಡುವ ದಿನ ಅದನ್ನು ತೆರೆಸಿ, ಟಾರ್ಚ್ ಹಾಕಿ, ವಿಡಿಯೋ ಮಾಡಿ ಕಳಿಸು ಎಂದು ಮಗಳಿಗೆ ಹೇಳಿದ್ದೆ. ನೋಡಬೇಕಾದದ್ದು: ನೀರು ನಿಂತಿದೆಯೋ, ಮರದ ತೊಲೆಯಿದ್ದರೆ ತುದಿ ಮೆತ್ತಗಾಗಿದೆಯೋ, ಕಾಂಕ್ರೀಟ್ ನೆಲವಾದರೆ ಅದರ ಕೆಳಮೈಯಲ್ಲಿ ಕಂದು ಕಲೆ, ಉದ್ದನೆಯ ಸೀಳು, ಉದುರಿದ ಪದರು ಇದೆಯೋ. 1960ರ ದಶಕದ ನಡುವಿನಿಂದ 1980ರ ದಶಕದ ಆರಂಭದವರೆಗೆ ಕಟ್ಟಿದ ಕೆಲವು ಮನೆಗಳ ಕಾಂಕ್ರೀಟ್ ನೆಲಕ್ಕೆ ಬೇಗ ಗಟ್ಟಿಯಾಗಲೆಂದು ಕ್ಲೋರೈಡ್ ಬೆರೆಸಿದ್ದರು. ಅದು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಮೇಲೆ ಹೊಸ ಲ್ಯಾಮಿನೇಟ್ ಹಾಸಿ ಹೊಳೆಯುವಂತೆ ಮಾಡಿದ ಮನೆಯ ಅಡಿಯಲ್ಲಿ ಹೀಗಿರಬಹುದು.

ತಳಪಾಯದ ಮಾತು ಊರಿನಿಂದ ಊರಿಗೆ ಬೇರೆ. ಗೆಲ್ಡ್ರಾಪ್ ಇರುವ ಬ್ರಾಬಾಂಟ್ ಪ್ರಾಂತದ್ದು ಹೆಚ್ಚಾಗಿ ಮರಳು ನೆಲ. ಪಶ್ಚಿಮಕ್ಕೆ ಹೌಡಾ, ರಾಟರ್‌ಡ್ಯಾಮ್, ಜಾಂಡಾಮ್ ಕಡೆ ಜೌಗು ಮತ್ತು ಜೇಡಿ. ಅಲ್ಲಿನ ಅನೇಕ ಹಳೆಯ ಮನೆಗಳು ಮರದ ಕಂಬಗಳ ಮೇಲೆ ನಿಂತಿವೆ. ಆ ಕಂಬಗಳು ಅಂತರ್ಜಲದಲ್ಲಿ ಮುಳುಗಿರುವವರೆಗೆ ಗಟ್ಟಿ. ನೀರು ಇಳಿದು ತಲೆಗೆ ಗಾಳಿ ತಾಗಿದರೆ ಕೊಳೆಯುತ್ತವೆ. ವಿಜಯಪುರದ ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ನೆಲ ಹಿಗ್ಗಿ ಕುಗ್ಗಿ ಗೋಡೆ ಸೀಳುವುದನ್ನು ಹೇಳಿಕೊಡಬೇಕಾಗಿಲ್ಲ. ಇದು ಬೇರೆ ಕಾರಣ, ಅಷ್ಟೇ ದೊಡ್ಡ ಖರ್ಚು. ಸಾಲುಮನೆಯಲ್ಲಿ ಇನ್ನೂ ಒಂದು ತೊಡಕಿದೆ. ತಳಪಾಯ ಅಕ್ಕಪಕ್ಕದವರಿಗೂ ಸೇರಿದ್ದು, ನಮ್ಮ ಪಾಲಿನದನ್ನು ಮಾತ್ರ ರಿಪೇರಿ ಮಾಡಿಸುತ್ತೇನೆ ಎಂದರೆ ಆಗದು. ನೆರೆಯವರಿಗೆ ದುಡ್ಡಿಲ್ಲದಿದ್ದರೆ ನಾವೂ ಕಾಯಬೇಕು. ಇಟ್ಟಿಗೆಯ ಸಾಲು ಓರೆಯಾಗಿದೆಯೋ, ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಸೀಳು ಇಳಿದಿದೆಯೋ ಎಂದು ಒಂದು ಮನೆಯನ್ನಷ್ಟೇ ಅಲ್ಲ, ಇಡೀ ಸಾಲನ್ನು ಬೀದಿಯ ಆಚೆ ನಿಂತು ನೋಡಬೇಕು.

ಹಿತ್ತಲಿನ ಶೆಡ್ಡಿಗೆ ಅಲೆಅಲೆಯಾದ ಸಿಮೆಂಟ್ ಪತ್ರಾಸು ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಇಲ್ಲಿ ಅಂಥ ಪತ್ರಾಸನ್ನು ನಾವು ಕೈಯಾರೆ ಇಳಿಸುತ್ತೇವೆ. ಅಲ್ಲಿ ಕಲ್ನಾರು 1993ರಿಂದ ನಿಷೇಧ, ತೆಗೆಸುವುದಕ್ಕೂ ನಿಯಮವಿದೆ, ಖರ್ಚಿದೆ. ಅದಕ್ಕೂ ಹಿಂದಿನ ಮನೆಗಳ ಕರಾರಿನಲ್ಲಿ ಕಲ್ನಾರಿನ ಬಗ್ಗೆ ಬೇರೆಯೇ ಕಲಮು ಇರುತ್ತದೆ. 1960ಕ್ಕಿಂತ ಹಳೆಯದಾದರೆ ಸೀಸದ ನೀರಿನ ಪೈಪು ಉಳಿದಿದೆಯೋ ಕೇಳಬೇಕು. ಮಕ್ಕಳಿರುವ ಮನೆಗೆ ಇದನ್ನು ಬಿಡಲೇಬಾರದು.

ಇವನ್ನೆಲ್ಲ ಮಕ್ಕಳೇ ನೋಡಿ ತೀರ್ಮಾನಿಸಬೇಕಾಗಿಲ್ಲ. ಕಟ್ಟಡ ತಪಾಸಣೆ ಮಾಡುವ ಪರಿಣತರು ಕೆಲವು ನೂರು ಯೂರೋಗೆ ಅಟ್ಟದಿಂದ ನೆಲದಡಿಯವರೆಗೆ ನೋಡಿ, ಯಾವ ರಿಪೇರಿ ಈಗಲೇ ಬೇಕು, ಯಾವುದು ಮುಂದೆ ಎಂದು ಖರ್ಚಿನ ಸಮೇತ ವರದಿ ಕೊಡುತ್ತಾರೆ. ಮನೆ ಖರ್ಚಿನಲ್ಲಿ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ.

ಬೆಲೆ ಹೇಳುವುದು, ಕರಾರು ಮಾಡುವುದು

ನಮ್ಮಲ್ಲಿ ಒಬ್ಬನೇ ಬ್ರೋಕರ್ ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುತ್ತಾನೆ. ಅಲ್ಲಿ ಹಾಗಿಲ್ಲ. ಮನೆ ತೋರಿಸುವ ಮಾಕೆಲಾರ್ ಮಾರುವವರ ಮನುಷ್ಯ. ಎಷ್ಟೇ ನಗುನಗುತ್ತ ಮಾತಾಡಿದರೂ ಮಾರುವವರ ಹಿತವನ್ನೇ ನೋಡುತ್ತಾನೆ. ಭಾಷೆ ಬಾರದ, ಮೊದಲ ಸಲ ಕೊಳ್ಳುವ ಮಕ್ಕಳು ತಮ್ಮ ಕಡೆಯಿಂದ ಬೇರೊಬ್ಬ ಮಾಕೆಲಾರ್ ಇಟ್ಟುಕೊಳ್ಳುವುದು ಒಳ್ಳೆಯದು.

ಬೇಡಿಕೆ ಜಾಸ್ತಿ ಇರುವ ಕಡೆ ಕೇಳಿದ ಬೆಲೆಗಿಂತ ಮೇಲೆ ಹೇಳಬೇಕಾಗುತ್ತದೆ, ಬೇರೆಯವರು ಎಷ್ಟು ಹೇಳಿದ್ದಾರೆ ಎಂದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಇಲ್ಲಿ ಬ್ಯಾಂಕಿನ ಲೆಕ್ಕ ತಿಳಿದಿರಬೇಕು. ಸಾಲ ಸಿಗುವುದು ಮೌಲ್ಯಮಾಪಕರು ಬರೆದ ಮೌಲ್ಯದ ಮೇಲೆ, ಹೆಚ್ಚೆಂದರೆ ಅದರ 100 ಪ್ರತಿಶತ. ಮಕ್ಕಳು 4,20,000 ಯೂರೋ ಹೇಳಿ, ಮೌಲ್ಯ 4,05,000 ಎಂದು ಬಂದರೆ ನಡುವಿನ 15,000 ಕೈಯಿಂದಲೇ ಹೋಗಬೇಕು. ಜೊತೆಗೆ ವರ್ಗಾವಣೆ ತೆರಿಗೆ, ನೋಟರಿ, ಮೌಲ್ಯಮಾಪನ, ಸಾಲದ ಸಲಹೆಗಾರರು, ತಪಾಸಣೆ, ಇವೆಲ್ಲ ಸಾಲದಲ್ಲಿ ಸೇರುವುದಿಲ್ಲ. ಜಾಹೀರಾತಿನ ಬೆಲೆಯ ಪಕ್ಕ ಡಚ್ಚರು ಬರೆಯುವ ‘ಕೆ.ಕೆ.’ ಎಂಬ ಎರಡಕ್ಷರ ಹೇಳುವುದೂ ಇದನ್ನೇ: ಮೇಲಿನ ಖರ್ಚು ಕೊಳ್ಳುವವರದು. ತೆರಿಗೆಗಾಗಿ ಪುರಸಭೆ ಪ್ರತಿ ಮನೆಗೂ ಗೊತ್ತುಮಾಡಿದ ಮೌಲ್ಯ ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಅದು ಹಿಂದಿನ ವರ್ಷದ ಜನವರಿ 1ರ ಲೆಕ್ಕ, ಈಗಿನ ಮಾರುಕಟ್ಟೆ ಬೆಲೆಯಲ್ಲ. ಆದರೂ ಸಾಲಿನ ಮನೆಗಳನ್ನು ಹೋಲಿಸಿ ನೋಡಲು ಉಪಯೋಗವಾಗುತ್ತದೆ.

ಕರಾರಿನ ಮಾತಿಗೆ ಬರೋಣ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಬರವಣಿಗೆಯಲ್ಲಿ ಕರಾರಾಗಿ, ಸಹಿಯಾದ ಪ್ರತಿ ಕೈಗೆ ಬಂದ ಮರುದಿನದಿಂದ ಕೊಳ್ಳುವವರಿಗೆ ಮೂರು ದಿನ ಯೋಚಿಸಲು ಕಾನೂನೇ ಅವಕಾಶ ಕೊಡುತ್ತದೆ. ಅದರಲ್ಲಿ ಎರಡಾದರೂ ಕೆಲಸದ ದಿನಗಳಿರಬೇಕು. ಅಷ್ಟರೊಳಗೆ ಕಾರಣ ಹೇಳದೆಯೂ ಬಿಡಬಹುದು. ಮೂರು ದಿನ ದಾಟಿದ ಮೇಲೆ ಬಿಟ್ಟರೆ ಬೆಲೆಯ 10 ಪ್ರತಿಶತ ದಂಡ, ಅಂದರೆ ಮೇಲೆ ಹೇಳಿದ 4,20,000ದ ಮನೆಗೆ 42,000 ಯೂರೋ. ಇಲ್ಲಿ ಇಸಾರ ಕೊಟ್ಟು ವ್ಯವಹಾರ ಮುರಿದರೆ ಹಿರಿಯರು ಕೂತು ಮಾತಾಡಿ ಅರ್ಧವಾದರೂ ವಾಪಸ್ ತರುತ್ತಾರೆ. ಅಲ್ಲಿ ಮಾತುಕತೆಗೆ ಜಾಗವಿಲ್ಲ. ಇದರಿಂದ ಕಾಪಾಡುವುದು ಕರಾರಿನಲ್ಲಿ ಬರೆಸುವ ಷರತ್ತುಗಳು: ಇಂಥ ತಾರೀಖಿನೊಳಗೆ ಸಾಲ ಸಿಗದಿದ್ದರೆ ಕರಾರು ರದ್ದು, ತಪಾಸಣೆಯಲ್ಲಿ ಇಂತಿಷ್ಟು ಯೂರೋಗಿಂತ ಹೆಚ್ಚಿನ ರಿಪೇರಿ ಕಂಡರೆ ಕರಾರು ರದ್ದು. ಪೈಪೋಟಿ ಇದ್ದಾಗ ಮಾರುವವರು ಈ ಷರತ್ತು ಬಿಟ್ಟವರಿಗೇ ಮನೆ ಕೊಡಲು ಒಲಿಯುತ್ತಾರೆ, ಮಕ್ಕಳು ಕರಗುವುದೂ ಅಲ್ಲೇ.

“ಅವ್ವಾ, ಷರತ್ತು ತಗದ್ರ ಮನಿ ನಮಗ ಸಿಗತೈತಿ ಅನ್ನಾಕತ್ತಾರ,” ಅಂದಳು ಮಗಳು.

“ಮನಿ ಹೋದ್ರ ಇನ್ನೊಂದು ಬರತೈತಿ ಯವ್ವಾ. ಹತ್ತು ಪರ್ಸೆಂಟ್ ಹೋದ್ರ ತಿರುಗಿ ಬರಂಗಿಲ್ಲ. ಅಳಿಯಂದಿರಿಗೂ ಇದನ್ನ ಹೇಳು,” ಅಂದೆ.

ಆ ಮನೆ ಕೈತಪ್ಪಿತು. ಆಮೇಲೆ ಸಿಕ್ಕಿದ್ದು ಎರಡೂ ಷರತ್ತು ಒಪ್ಪಿದವರ ಮನೆ. ಪೈಪೋಟಿ ತೀರಾ ಜೋರಾಗಿದ್ದರೆ ಬೆಲೆ ಹೇಳುವ ಮುನ್ನವೇ ತಪಾಸಣೆ ಮಾಡಿಸಿ ಆ ಷರತ್ತನ್ನು ಬಿಡಬಹುದು. ಸಾಲದ ಷರತ್ತನ್ನು ಮಾತ್ರ ಎಂದಿಗೂ ಬಿಡಬಾರದು. ಮಕ್ಕಳ ನೌಕರಿ ತಾತ್ಕಾಲಿಕ ಕರಾರಿನದಾಗಿದ್ದರೆ ಮುಂದುವರಿಸುವ ಉದ್ದೇಶವಿದೆ ಎಂಬ ಪತ್ರವನ್ನು ಕಂಪನಿಯಿಂದ ಮೊದಲೇ ತೆಗೆದಿಟ್ಟುಕೊಳ್ಳಲಿ, ಬ್ಯಾಂಕು ಕೇಳುತ್ತದೆ.

ಬಡ್ಡಿಯ ವಿಷಯದಲ್ಲಿ ನಮ್ಮ ಅನುಭವವನ್ನು ಅಲ್ಲಿಗೆ ಹಚ್ಚಬೇಡಿ. ಇಲ್ಲಿ ರೆಪೋ ದರಕ್ಕೆ ಕಟ್ಟಿದ ಏರಿಳಿಯುವ ಬಡ್ಡಿ, ಅಲ್ಲಿ 10, 20, 30 ವರ್ಷಕ್ಕೆ ಬಡ್ಡಿ ಗಟ್ಟಿ ಮಾಡಿಕೊಳ್ಳಬಹುದು. ಎನ್‌ಎಚ್‌ಜಿ ಎಂಬ ಗೃಹಸಾಲದ ರಾಷ್ಟ್ರೀಯ ಖಾತರಿ ಸಿಕ್ಕರೆ ದರವೂ ಕಡಿಮೆ. 2025ರಲ್ಲಿ ಅದರ ಮಿತಿ 4,50,000 ಯೂರೋ ಇತ್ತು, ಶುಲ್ಕ ಸಾಲದ 0.4 ಪ್ರತಿಶತ ಒಂದೇ ಸಲ. ಮಿತಿ ವರ್ಷವರ್ಷಕ್ಕೂ ಬದಲಾಗುತ್ತದೆ.

ಯಾರ ಹೆಸರು

‘ಅಪ್ಪನ ಹೆಸರೂ ಪತ್ರದಲ್ಲಿ ಇರಲಿ’ ಎನ್ನುವುದು ನಮ್ಮ ಮನೆಗಳಲ್ಲಿ ಸಹಜವಾಗಿ ಬರುವ ಮಾತು. ಅಲ್ಲಿ ಬೇಡ. ತಾನೇ ವಾಸಿಸುವ ಮನೆಗೆ ವರ್ಗಾವಣೆ ತೆರಿಗೆ 2 ಪ್ರತಿಶತ. 18 ತುಂಬಿ 35 ತುಂಬದವರು ತಮಗೆ ಒಂದೇ ಸಲ ಸಿಗುವ ವಿನಾಯಿತಿ ಬಳಸಿದರೆ ಅದೂ ಇಲ್ಲ. ಆದರೆ ಮನೆಯ ಬೆಲೆ 2025ರಲ್ಲಿ 5,25,000, 2026ರಲ್ಲಿ 5,55,000 ಯೂರೋ ಮೀರಬಾರದು. ವಾಸಿಸದವರ ಪಾಲಿಗೆ 2025ರವರೆಗೆ 10.4 ಪ್ರತಿಶತ ಇತ್ತು, 2026ರಿಂದ 8. ಬೆಳಗಾವಿಯಲ್ಲಿರುವ ಅಪ್ಪನ ಹೆಸರು ಸೇರಿಸಿದರೆ ಅವರ ಪಾಲಿಗೆ ಈ ದರ ಬೀಳುತ್ತದೆ. ಮೇಲಾಗಿ ಅವರು ಇಲ್ಲಿನ ಆದಾಯ ತೆರಿಗೆ ರಿಟರ್ನಿನಲ್ಲಿ ವಿದೇಶಿ ಆಸ್ತಿ ಎಂದು ತೋರಿಸಬೇಕು. ಗಂಡ-ಹೆಂಡತಿಯಲ್ಲಿ ಒಬ್ಬರಿಗೆ 34, ಇನ್ನೊಬ್ಬರಿಗೆ 36 ಆಗಿದ್ದರೆ ಕಿರಿಯರ ಪಾಲಿಗೆ ವಿನಾಯಿತಿ, ಹಿರಿಯರ ಪಾಲಿಗೆ 2 ಪ್ರತಿಶತ. ವಯಸ್ಸು ಲೆಕ್ಕ ಹಾಕುವುದು ನೋಟರಿಯ ಮುಂದೆ ವರ್ಗಾವಣೆ ಆಗುವ ದಿನಕ್ಕೆ. ಹುಟ್ಟುಹಬ್ಬ ಹತ್ತಿರವಿದ್ದರೆ ತಾರೀಖು ನೋಡಿ ಗೊತ್ತುಮಾಡಿ.

ಇಲ್ಲಿಂದ ದುಡ್ಡು ಕಳಿಸುವುದು

ಸಹಾಯ ಮಾಡುವುದಾದರೆ ದಾನವಾಗಿ ಮಾಡಿ, ಸಾಲವಾಗಿ ಬೇಡ. ಸಾಲವೆಂದು ಬರೆದರೆ ಡಚ್ ಬ್ಯಾಂಕು ಅದನ್ನೂ ಮಕ್ಕಳ ಹೊರೆಯಲ್ಲಿ ಸೇರಿಸುತ್ತದೆ. ದಾನ ಕೊಡುವವರು ಭಾರತೀಯರಾಗಿ ಭಾರತದಲ್ಲೇ ವಾಸವಾಗಿದ್ದರೆ ನೆದರ್‌ಲ್ಯಾಂಡ್ಸ್‌ನ ದಾನ ತೆರಿಗೆ ಬೀಳುವುದಿಲ್ಲ; ಮಗ ಅಥವಾ ಮಗಳಿಗೆ ಕೊಟ್ಟದ್ದಕ್ಕೆ ಇಲ್ಲೂ ಅವರಿಗೆ ತೆರಿಗೆಯಿಲ್ಲ.

ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಪ್ಯಾನ್ ಬೇಕು, ಬ್ಯಾಂಕಿನಲ್ಲಿ ಎ2 ಫಾರ್ಮು ತುಂಬಬೇಕು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ 20 ಪ್ರತಿಶತ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಾರೆ. ಈ ಮಿತಿ ತಲೆಗೊಂದು, ವರ್ಷಕ್ಕೊಂದು. ಗಂಡ ಮಾರ್ಚ್‌ನಲ್ಲಿ 10 ಲಕ್ಷ, ಹೆಂಡತಿ 10 ಲಕ್ಷ, ಏಪ್ರಿಲ್‌ನಲ್ಲಿ ಮತ್ತೆ ಇಬ್ಬರೂ ಅಷ್ಟಷ್ಟೇ ಕಳಿಸಿದರೆ 40 ಲಕ್ಷಕ್ಕೆ ಟಿಸಿಎಸ್ ಇಲ್ಲ. ಆದರೆ ಇಬ್ಬರ ದುಡ್ಡೂ ಅವರವರದ್ದೇ ಆಗಿರಬೇಕು, ಅವರವರ ಖಾತೆಯಿಂದಲೇ ಹೋಗಬೇಕು. ಹಿಡಿದ ಟಿಸಿಎಸ್ ಮುಳುಗುವುದಿಲ್ಲ. ಆದಾಯ ತೆರಿಗೆ ಇಲಾಖೆಯ 26ಎಎಸ್ ವಿವರಪಟ್ಟಿಯಲ್ಲಿ ನೋಡಿಕೊಂಡು ರಿಟರ್ನಿನಲ್ಲಿ ವಜಾ ಹಾಕಿಕೊಳ್ಳಬಹುದು, ಹೆಚ್ಚಾದರೆ ವಾಪಸ್ ಬರುತ್ತದೆ. ಆದರೆ ಆ ದುಡ್ಡು ತಿಂಗಳುಗಟ್ಟಲೆ ಕೈಯಲ್ಲಿರುವುದಿಲ್ಲ, ಮಕ್ಕಳಿಗೆ ಮಾತು ಕೊಡುವಾಗ ಅದನ್ನು ಕಳೆದು ಹೇಳಿ. ಮಗಳ ಹೆಸರಿನಲ್ಲೇ ಇಲ್ಲಿರುವ ನಿವೇಶನ ಮಾರಿದ ಹಣವಾದರೆ ದಾರಿ ಬೇರೆ: ಅದು ಅನಿವಾಸಿ ಭಾರತೀಯರು ಇಲ್ಲಿ ಇಡುವ ಎನ್‌ಆರ್‌ಓ ಎಂಬ ರೂಪಾಯಿ ಖಾತೆಗೆ ಅವಳ ಹೆಸರಿನಲ್ಲಿ ಬಂದು, ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೊಳಗೆ ಹೋಗಬೇಕು. ಅದಕ್ಕೆ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕು.

ದುಡ್ಡು ಎಲ್ಲಿಂದ ಬಂತು ಎಂದು ಅಲ್ಲಿನ ಬ್ಯಾಂಕೂ ನೋಟರಿಯೂ ಕೇಳುತ್ತಾರೆ. ಎಫ್‌ಡಿ ಮುರಿದ ರಸೀದಿ, ಖಾತೆಯ ಆರು ತಿಂಗಳ ವಿವರ, ಸಹಿ ಮಾಡಿದ ದಾನಪತ್ರ ಇಂಗ್ಲಿಷಿನಲ್ಲಿ ಸಿದ್ಧವಿರಲಿ. ಸ್ವಲ್ಪ ಬ್ಲ್ಯಾಕು, ಸ್ವಲ್ಪ ವೈಟು ಎಂಬ ನಮ್ಮೂರಿನ ಮಾತನ್ನು ಮಕ್ಕಳ ಕಿವಿಗೆ ಹಾಕಲೂ ಬೇಡಿ. ಪೂರ್ತಿ ಹಣ ನೋಟರಿಯ ಪ್ರತ್ಯೇಕ ಖಾತೆಯ ಮೂಲಕವೇ ಹಾಯುತ್ತದೆ.

ಕೀಲಿಯ ದಿನ

ಆ ನೋಟರಿ ನಮ್ಮ ಕೋರ್ಟ್ ಆವರಣದಲ್ಲಿ ಸಿಕ್ಕಾ ಹಾಕುವ ನೋಟರಿಯಂತಲ್ಲ. ಕಡಾಸ್ಟರ್ ಎಂಬ ಭೂದಾಖಲೆ ಕಚೇರಿಯಲ್ಲಿ ಮನೆಯ ಮೇಲೆ ಸಾಲ, ಜಪ್ತಿ ಇದೆಯೋ ನೋಡಿ, ಹಳೆಯ ಸಾಲ ತೀರಿಸಿ, ಹೊಸ ಹೆಸರು ನೋಂದಾಯಿಸುವ ಕೆಲಸವೆಲ್ಲ ಅವರದು. ಪತ್ರ ಡಚ್ಚಿನಲ್ಲಿ ಇರುತ್ತದೆ. ಭಾಷೆ ಬಾರದವರಿಗೆ ದುಭಾಷಿ ಬೇಕೇ ಬೇಕು, ಮೊದಲೇ ಗೊತ್ತುಮಾಡಬೇಕು. ಹಿತ್ತಲ ಹಿಂದಿನ ಓಣಿಯಲ್ಲಿ ಯಾರಿಗೆ ಹಾಯುವ ಹಕ್ಕಿದೆ ಎನ್ನುವುದೂ ಅದರಲ್ಲಿ ಬರೆದಿರುತ್ತದೆ, ಆ ಸಾಲುಗಳನ್ನು ನಿಧಾನವಾಗಿ ಓದಿಸಿಕೊಳ್ಳಲಿ.

ಸಹಿಗೆ ಹೋಗುವ ಮುನ್ನ ಮನೆಯನ್ನು ಕೊನೆಯ ಸಲ ನೋಡುವ ಪದ್ಧತಿ ಇದೆ. ಕರಾರಿನ ಜೊತೆಗಿರುವ ಸಾಮಾನಿನ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಪಟ್ಟಿಯಲ್ಲಿ ‘ಬಿಟ್ಟು ಹೋಗುತ್ತೇವೆ’ ಎಂದು ಇಲ್ಲದಿದ್ದರೆ ಪರದೆ, ದೀಪ, ಕೆಲವೊಮ್ಮೆ ನೆಲಕ್ಕೆ ಹಾಸಿದ ಲ್ಯಾಮಿನೇಟನ್ನೂ ಕಿತ್ತುಕೊಂಡು ಹೋಗುವುದು ಅಲ್ಲಿ ತಪ್ಪಲ್ಲ. ವಿದ್ಯುತ್, ಗ್ಯಾಸ್, ನೀರಿನ ಮೀಟರುಗಳ ಫೋಟೋ ತೆಗೆದುಕೊಳ್ಳಬೇಕು. ಮನೆಯ ವಿಮೆ ಅದೇ ದಿನದಿಂದ ಶುರುವಾಗಿರಬೇಕು.

ಗೃಹಪ್ರವೇಶಕ್ಕೆ ಹೋಮ ಮಾಡಬೇಕೆಂದು ಇಲ್ಲಿಂದ ಒತ್ತಾಯಿಸುವವರಿಗೆ ಒಂದು ಮಾತು: 2022ರ ಜುಲೈ 1ರಿಂದ ಅಲ್ಲಿ ಪ್ರತಿ ಮಹಡಿಗೂ ಹೊಗೆ ಎಚ್ಚರಿಕೆ ಯಂತ್ರ ಕಡ್ಡಾಯ. ನಾವು ಹಾಲು ಉಕ್ಕಿಸಿ, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ದೀಪ ಇಟ್ಟು ಮುಗಿಸಿದೆವು. ಮನೆ ಬದಲಿಸಿದ ಐದು ದಿನದೊಳಗೆ ಹೊಸ ವಿಳಾಸವನ್ನು ಪುರಸಭೆಗೆ ತಿಳಿಸುವುದನ್ನು ಮಾತ್ರ ಮಕ್ಕಳಿಗೆ ನೆನಪಿಸಿ. ತೆರಿಗೆಯ ಪತ್ರ, ಸರ್ಕಾರಿ ನೋಟಿಸು ಎಲ್ಲವೂ ಆಮೇಲೆ ಆ ವಿಳಾಸಕ್ಕೇ ಬರುತ್ತವೆ.